ಬಾಗಿಲು ತೆಗೆಸಿದ ಒಡಪು

ಅದು ಶುರುವಾದದ್ದು ಮಾಘ ಮಾಸದ ಕೊನೆಗೆ. ಶಿವರಾತ್ರಿ ಇನ್ನೂ ಬಂದಿರಲಿಲ್ಲ, ಚಳಿ ಮಾತ್ರ ಆಗಲೇ ಗಂಟುಮೂಟೆ ಕಟ್ಟುತ್ತಿತ್ತು. ಹೊಲದ ಬದುವಿನಲ್ಲಿ ಕುಳಿತು ಹಸಿ ಕಡಲೆಯ ಸುಲಗಾಯಿ ತಿನ್ನುವ ದಿನಗಳು. ಹೊತ್ತು ಮುಂಜಾನೆ, ಹಾಲಿನವರು ಮನೆಮನೆ ತಿರುಗಿ ಮುಗಿಸಿದ್ದರು, ಕಚೇರಿಗಳ ಬೀಗ ಇನ್ನೂ ತೆಗೆದಿರಲಿಲ್ಲ.

ಮುದೇನಕಟ್ಟಿ ತಾಲೂಕಿನ ಗುಳಿಗಿ ಗೂಡುಗಳ ನಿಯಂತ್ರಣ ಕೊಠಡಿಯಲ್ಲಿ ಇಂಜಿನಿಯರ್ ಮಹಾನಂದಾ ಒಬ್ಬಳೇ ಚಹಾ ಕುಡಿಯುತ್ತ ಕುಳಿತಿದ್ದಳು. ಎದುರಿನ ಗೋಡೆಯ ತುಂಬ ಸಣ್ಣ ಸಣ್ಣ ದೀಪ, ಊರಿಗೊಂದರಂತೆ. ಯಾವ ಊರಿನ ಗೂಡಿನ ಮುಂದೆ ಯಾರು ಏನು ಮಾತಾಡಿದರೂ ಅಲ್ಲಿ ಕೇಳಬಹುದಿತ್ತು.

ಗುಳಿಗಿ ಗೂಡು ಎಂದದ್ದು ಜನ. ಸರಕಾರ ಇಟ್ಟ ಹೆಸರು ಬಹಳ ಉದ್ದದ್ದು, ಅದು ಫಲಕದ ಮೇಲಷ್ಟೇ ಉಳಿಯಿತು. ಮೆಡಿಕಲ್ ಶಾಪುಗಳು ಒಂದೊಂದಾಗಿ ಬಾಗಿಲು ಹಾಕಿ, ಎಳೆಯರಿಗೆ ಅವುಗಳ ನೆನಪೂ ಇರದ ಕಾಲ ಅದು. ಪ್ರತಿ ಊರಿನ ಚಾವಡಿಯ ಪಕ್ಕ ಒಂದು ಗೂಡು. ಮುಂದೆ ಹೋಗಿ ನಿಂತರೆ ಹೆಣ್ಣುದನಿಯಲ್ಲಿ "ರೋಗಿಯ ಹೆಸರು ಹೇಳಿ" ಎನ್ನುತ್ತಿತ್ತು. ಹೇಳಿದರೆ ಕೆಳಗಿನ ತಟ್ಟೆಗೆ ತಿಂಗಳ ಗುಳಿಗೆ ಬೀಳುತ್ತಿದ್ದವು. ಗೂಡಿನ ಬೆನ್ನಿಗೆ ತಂಪು ಪೆಟ್ಟಿಗೆ. ಸಕ್ಕರೆ ರೋಗದವರ ಇನ್ಸುಲಿನ್, ಕೂಸುಗಳ ಲಸಿಕೆ ಅದರೊಳಗೆ.

ಇದರ ಹೆಚ್ಚುಗಾರಿಕೆ ಬೇರೆಯೇ ಇತ್ತು. ಹಿಂದೆ ಕಂಪ್ಯೂಟರಿನ ಮಾಹಿತಿಯ ಉಗ್ರಾಣಕ್ಕೆ ಏನಾದರೂ ಅಪ್ಪಣೆ ಕೊಡಬೇಕಾದರೆ ಎಸ್‌ಕ್ಯೂಎಲ್ ಎಂಬ ಭಾಷೆ ಕಲಿತವರೇ ಬೇಕಿತ್ತು. ಈಗ ಸಾದಾ ಕನ್ನಡದಲ್ಲಿ ಹೇಳಿದರೆ ಸಾಕು, ಉಗ್ರಾಣ ಅರ್ಥಮಾಡಿಕೊಂಡು ನಡೆಸಿಕೊಡುತ್ತಿತ್ತು. ಊರೂರಲ್ಲಿ ಸಭೆ ಮಾಡಿ ಇದನ್ನು ಹೇಳಿದ್ದರು, ಜನ ಚಪ್ಪಾಳೆ ತಟ್ಟಿದ್ದರು. ತಟ್ಟುವಂಥದ್ದೇ ಆಗಿತ್ತು.

ಆ ಮುಂಜಾನೆ ಹುಣಶೀಹಾಳದ ಗೂಡಿನ ಮುಂದೆ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಗೂಡು ರೋಗಿಯ ಹೆಸರು ಕೇಳಿತು. ಗಂಡನ ಗುಳಿಗೆ ಒಯ್ಯಲು ಬಂದವಳು ಅವಳು. ಗಂಡನ ಹೆಸರು ಬಾಯಿಬಿಟ್ಟು ಹೇಳುವ ರೂಢಿ ಆ ಕಡೆಯ ಹಿರಿ ಹೆಣ್ಣುಮಕ್ಕಳಿಗೆ ಇಲ್ಲ.

"ನಮ್ಮ ಮನ್ಯಾಗಿನವರದವ್ವಾ," ಎಂದಳು. "ಅದೇನ ಹೆಸರ ಕೇಳತಿ? ನಿನ್ನಿ ಯಾರ‍್ಯಾರಿಗೆ ಏನೇನ ಕೊಟ್ಟಿ ನೋಡಿ ಹೇಳು, ಅದರಾಗ ಗೊತ್ತಾಗತೈತಿ."

ಗೂಡು ನೋಡಿತು. ನೋಡಿ ಹೇಳಿತು. ಸಾಲಿನಲ್ಲಿ ನಿಂತವರೆಲ್ಲ ಕೇಳುವಂತೆ, ಹಿಂದಿನ ದಿನ ಯಾರು ಬಂದಿದ್ದರು, ಯಾರ ಹೊಟ್ಟೆಯಲ್ಲಿ ಯಾವ ರೋಗ, ಒಬ್ಬೊಬ್ಬರದೇ ಓದಿತು. ಶಿವಲೀಲಾ ಎಂಬ ಹುಡುಗಿಗೆ ಮೂರ್ಛೆಯ ಗುಳಿಗೆ ಎಂದೂ ಓದಿತು. ಶಿವಲೀಲಾಳಿಗೆ ಗಂಡು ಗೊತ್ತಾಗಿತ್ತು. ಗಂಡಿನ ಸೋದರತ್ತೆ ಅದೇ ಸಾಲಿನಲ್ಲಿ ಚೀಲ ಹಿಡಿದು ನಿಂತಿದ್ದಳು. ಬೀಗರು ಮಧ್ಯಾಹ್ನದ ಹೊತ್ತಿಗೆ ಮಾತು ಮುರಿದರು.

ಮಹಾನಂದಾ ಚಹಾದ ಕಪ್ಪು ಕೆಳಗಿಟ್ಟವಳು ಮತ್ತೆ ಎತ್ತಲಿಲ್ಲ.

ಕಚೇರಿಯ ಮುಖ್ಯಸ್ಥರು ನಾಡಗೌಡರು. ಕೆಟ್ಟವರಲ್ಲ. ನೌಕರರ ಮನೆಯ ಮದುವೆ ಮುಂಜಿ ಒಂದನ್ನೂ ತಪ್ಪಿಸಿದವರಲ್ಲ. ಆದರೆ ನಡೆಯುತ್ತಿರುವ ಬಂಡಿಯ ಕೀಲಿಗೆ ಯಾರಾದರೂ ಕೈ ಹಚ್ಚುತ್ತೇನೆಂದರೆ ಅವರಿಗೆ ಬೆವರು ಬರುತ್ತಿತ್ತು.

"ಸರ್, ತಪ್ಪು ಆ ಹೆಣ್ಣುಮಗಳದಲ್ಲರಿ," ಮಹಾನಂದಾ ಹೇಳಿದಳು. "ನಮ್ಮ ಅಪ್ಪಣಿ ಹೆಂಗೈತಿ ನೋಡ್ರಿ. 'ಇಂಥವರಿಗೆ ಈ ತಿಂಗಳ ಗುಳಿಗೆ ಕೊಡು' ಅಂತ. ಇಂಥವರು ಅನ್ನೂ ಜಾಗಾದಾಗ ಜನ ಏನಂತಾರೋ ಅದನ್ನ ಹಂಗs ತಂದು ಸೇರಸ್ತೀವಿ. ಸೇರಿಸಿದ ಮ್ಯಾಲೆ ಉಗ್ರಾಣ ಇಡೀ ಸಾಲು ಓದತೈತಿ. ಅದರಾಗ ನಮ್ಮ ಮಾತ್ಯಾವುದು, ಸಾಲಿನ್ಯಾಗ ನಿಂತವರ ಮಾತ್ಯಾವುದು ಅಂತ ಅದಕ್ಕ ಗೊತ್ತಾಗಂಗಿಲ್ಲ. ಎಲ್ಲಾ ನಿಮ್ಮ ಅಪ್ಪಣಿನs ಅಂತ ತಿಳಕೊಂಡು ಮಾಡಿಬಿಡತೈತಿ."

"ಅಂದ್ರ ಜನ ನನ್ನ ಖುರ್ಚಿ ಮ್ಯಾಲೆ ಕುಂತಂಗ ಆತು," ನಾಡಗೌಡರು ನಕ್ಕರು.

"ಹಂಗs ಆಗೈತ್ರಿ. ಎಸ್‌ಕ್ಯೂಎಲ್ ಕಾಲದಾಗೂ ಇದs ರೋಗ ಇತ್ತು. ಇಂಜೆಕ್ಷನ್ ಅಂತಿದ್ರು. ಔಷಧಾನೂ ಅವಾಗs ಸಿಕ್ಕೈತಿ. ಮೊದಲು ಖಾಲಿ ಜಾಗಾ ಬಿಟ್ಟು ಅಪ್ಪಣಿ ಓದಸಬೇಕು. ಓದಿ, ಅರ್ಥ ಮಾಡ್ಕೊಂಡು, ಇದಿಷ್ಟs ನನ್ನ ಕೆಲಸ ಅಂತ ಅದು ಮುಗಿಸಬೇಕು. ಆಮ್ಯಾಲೆ ಜನರ ಮಾತನ್ನ ಮುಚ್ಚಿದ ಡಬ್ಬಿಯೊಳಗ ಹಾಕಿ ಕೊಡಬೇಕು. ಡಬ್ಬಿಯೊಳಗ ಏನಿದ್ರೂ ಅದು ಬರೇ ಹೆಸರು, ಅಪ್ಪಣಿ ಅಲ್ಲ. ಇನ್ನೊಂದು, ಗೂಡಿಗೆ ಗುಳಿಗಿ ಕೊಡೂದೊಂದs ಅಧಿಕಾರ ಇರಬೇಕ್ರಿ. ಈಗ ಓದೂದು, ಅಳಿಸೂದು, ಬಾಗಲಾ ತಗಿಯೂದು, ಎಲ್ಲಾ ಅದರ ಕೈಯಾಗ ಕೊಟ್ಟು ಕುಂತೀವಿ."

"ಎಷ್ಟ ದಿನದ ಕೆಲಸ?"

"ಒಂದ ದಿನ ಗೂಡು ಬಂದ್ ಮಾಡಿದ್ರ ಆಗತೈತ್ರಿ."

ಬಂದ್ ಎಂಬ ಮಾತು ಕೇಳಿ ನಾಡಗೌಡರ ನಗು ಮಾಯವಾಯಿತು. ಬೆಂಗಳೂರಿನಿಂದ ಗೂಡು ನೋಡಲು ದೊಡ್ಡವರು ಬರುವವರಿದ್ದರು. ಮಾದರಿ ತಾಲೂಕು ಎಂಬ ಬಿರುದು ಬಾಗಿಲಲ್ಲಿ ನಿಂತಿತ್ತು. "ಇಂಥಾ ಹೊತ್ತಿನ್ಯಾಗ ಬಂದ್ ಅಂದ್ರ ನನ್ನ ಮಾರಿ ಎಲ್ಲಿ ಇಡ್ಲಿ? ಒಂದ ಕೆಲಸಾ ಮಾಡೂಣು. ಯಾವ ಯಾವ ಮಾತು ಅಪಾಯದ್ದದಾವ, ಅವನ್ನ ಗೂಡು ಕೇಳಿಸ್ಕೋಬಾರದು ಅಂತ ಮಾಡೂಣು. 'ನೋಡು' ಬಂದ್. 'ಅಳಿಸು' ಬಂದ್. 'ತೋರಿಸು' ಬಂದ್. ಆತಲ್ಲ?"

"ಎಷ್ಟಂತ ಬಂದ್ ಮಾಡ್ತೀರಿ ಸರ್? ಕನ್ನಡದಾಗ ಮಾತಿಗೇನ ಬರ ಐತೇನ್ರಿ?"

"ನೋಡವ್ವಾ, ನೀ ಬಾಳ ಓದೀದಿ. ಅದs ನಿನ್ನ ತ್ರಾಸ," ಎಂದು ನಾಡಗೌಡರು ಕನ್ನಡಕ ತೆಗೆದಿಟ್ಟರು. ಮಾತು ಮುಗಿಯಿತು ಎನ್ನಲು ಅವರು ಕನ್ನಡಕ ತೆಗೆದಿಡುತ್ತಿದ್ದರು.

ಮಹಾನಂದಾ ತಾಯಿಯಿಲ್ಲದ ಮಗಳು. ಸಾಕಿದವಳು ತಾಯಿಯ ತಂಗಿ, ಚಿಗವ್ವ ಗುರುಸಿದ್ದವ್ವ. ಚಿಗವ್ವನ ಗಂಡ ಮಲಕಾಜಪ್ಪ ಕಾಕಾ ಒಂದು ಕಾಲದಲ್ಲಿ ಮುದೇನಕಟ್ಟಿಯ ಒಳ್ಳೆಯ ಬಡಿಗ. ಈಗ ಹೃದಯದ ಗುಳಿಗೆ ನುಂಗಿ ಕಟ್ಟೆಯ ಮೇಲೆ ಕೂರುವವನು. ಚಿಗವ್ವನಿಗೆ ಸಕ್ಕರೆ ರೋಗ, ಅದೂ ಹಳೆಯದು. ಹೊತ್ತು ಹೊತ್ತಿಗೆ ಸೂಜಿ ಚುಚ್ಚಿಕೊಳ್ಳದಿದ್ದರೆ ಜೀವ ನಿಲ್ಲುವಂತಿರಲಿಲ್ಲ. ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು ಇದು: ಊಟ ತಪ್ಪಿದರೂ ಸೂಜಿ ತಪ್ಪಬಾರದು.

ಸಂಜೆ ಚಿಗವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. "ಯಾಕವ್ವಾ, ಮಾರಿ ಹುಳಿ ಮಜ್ಜಿಗಿ ಆಗೇತಿ?"

ಮಹಾನಂದಾ ಹೇಳಿದಳು. ಅಪ್ಪಣೆ, ಖಾಲಿ ಜಾಗ, ಇಂಜೆಕ್ಷನ್.

"ಇಂಜೆಕ್ಷನ್ ಮಾಡ್ಕೊಳ್ಳಾಕಿ ನಾನು. ಅದಕ್ಯಾಕ ಆತು?"

"ಹಂಗಲ್ಲs ಚಿಗವ್ವಾ. ಲಗ್ನದಾಗ ಮುಯ್ಯಿ ಮಾಡಿದವರ ಹೆಸರು ಹಿಡಿದು ಆಯಾರ ಓದತಾರಲ್ಲ, ನೆನಸ್ಕೋ. ಮೈಕಿನ ಮುಂದ ಕುಂತವ 'ಇಂಥವರಿಂದ ಆಯಾರ' ಅಂತ ಚೀಟಿ ನೋಡಿ ಒದರತಾನ. ಚೀಟಿಯಾಗ ಹೆಸರಿನ ಜಾಗಾದಾಗ ಯಾರರ ಬ್ಯಾರೇನs ಬರದ ಕೊಟ್ರ?"

ಗುರುಸಿದ್ದವ್ವನ ಕೈ ರೊಟ್ಟಿಯ ಮೇಲೆ ನಿಂತಿತು. ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಅಯ್ಯ ಯವ್ವಾ! ನಮ್ಮ ಅಣ್ಣನ ಲಗ್ನದಾಗ ಆಗಿತ್ತಲ್ಲs ಅದು! ಯಾವನೋ ಕಿಡಿಗೇಡಿ ಚೀಟಿ ಮ್ಯಾಲೆ 'ಎಲ್ಲಾರೂ ಊಟಕ್ಕ ಏಳ್ರಿ' ಅಂತ ಬರದ. ಆ ಮೈಕಿನಾಂವ ಕಣ್ಣ ಮುಚ್ಚಿ ಓದಿಬಿಟ್ಟ. ಅಕ್ಕಿಕಾಳ ಇನ್ನ ಬಿದ್ದಿದ್ದಿಲ್ಲ, ಮಂದಿಯೆಲ್ಲಾ ಎದ್ದು ಪಂಕ್ತಿಗೆ ಓಡಿತು. ಮದುಮಕ್ಕಳು ಇಬ್ಬರs ನಿಂತಿದ್ರು, ಬಿಕೋ ಅಂತ."

"ಹಾಂ. ಆ ಮೈಕಿನವನs ನಮ್ಮ ಉಗ್ರಾಣ."

"ಅವಂಗ ಏನ ಹೇಳಬೇಕು? ಚೀಟಿಯಾಗ ಏನs ಇರಲಿ, 'ಇವರಿಂದ ಆಯಾರ' ಅಂತ ಹೆಸರಿನಂಗ ಓದು, ನೀ ಎದ್ದು ಕುಣೀಬ್ಯಾಡ, ಇಷ್ಟs ಅಲ್ಲ?"

"ಇಷ್ಟs. ಇದನ್ನ ಸಾಹೇಬ್ರಿಗೆ ಹೇಳಿ ಹೇಳಿ ನನ್ನ ನಾಲಿಗಿ ಸವದೈತಿ."

ಕಟ್ಟೆಯ ಮೇಲಿಂದ ಕಾಕಾ ಕೂಗಿದ: "ಚೀಟಿ ಬರದ ಕಿಡಿಗೇಡಿ ಯಾರಂತ ಕೇಳವ್ವಾ ಅಕಿನ್ನ!"

"ಯಾರಂತ ನನಗ ಗೊತ್ತೈತಿ, ಸುಮ್ಮ ಕುಂದರ‍್ರಿ," ಎಂದು ಚಿಗವ್ವ ರೊಟ್ಟಿಯನ್ನು ಹೆಂಚಿಗೆ ಹಾಕಿದಳು.

ಮಾತು ಬಂದ್ ಮಾಡುವ ಕೆಲಸ ಶಿವರಾತ್ರಿಗೆ ಮುಂಚೆಯೇ ಶುರುವಾಯಿತು. ಒಂದು ಮಾತು ಬಂದ್ ಮಾಡಿದರೆ ಬಸ್ ಸ್ಟ್ಯಾಂಡಿನ ಪುಂಡರು ಇನ್ನೊಂದು ಹುಡುಕುತ್ತಿದ್ದರು. ಗೂಡನ್ನು ಮಾತಲ್ಲೇ ಮರುಳು ಮಾಡಿ ನಿದ್ದೆ ಗುಳಿಗೆಯ ಡಬ್ಬಿಗಳನ್ನೇ ಎಬ್ಬಿಸಿಕೊಂಡು ಹೋದರು. ಅವರನ್ನು ತಡೆಯಲು ನಾಡಗೌಡರು ಮತ್ತಷ್ಟು ಮಾತು ಸೇರಿಸಿದರು. ಕಳ್ಳರಿಗೆ ಏನೂ ಆಗಲಿಲ್ಲ. ತೊಂದರೆಯಾದದ್ದು ಉಳಿದವರಿಗೆ. ಹಲ್ಲು ಕೀಳಿಸಿಕೊಂಡವರು "ಡಾಕ್ಟರಿಗೆ ಹಲ್ಲು ತೋರಿಸೇನ್ರಿ, ನೋವಿಗೆ ಏನರ ಕೊಡ್ರಿ" ಎಂದರೆ ಗೂಡು "ಈ ಮಾತಿಗೆ ಅನುಮತಿ ಇಲ್ಲ" ಎಂದು ತಟ್ಟೆ ಒಳಗೆಳೆದುಕೊಳ್ಳುತ್ತಿತ್ತು. ಕಣ್ಣು ಕಾಣದ ಮುದುಕ ಮೆತ್ತಗೆ "ಸ್ವಲ್ಪ ನೋಡಿ ಕೊಡವ್ವಾ" ಎಂದು ಬೈಸಿಕೊಂಡು ಬಂದ. ಗೂಡಿನ ಮುಂದೆ ಹೇಗೆ ಮಾತಾಡಬೇಕೆಂದು ಜನ ಒಬ್ಬರಿಗೊಬ್ಬರು ಹೇಳಿಕೊಡತೊಡಗಿದರು. ಊರಿಗೆ ಊರೇ ಮಾತು ಅಳೆದು ಆಡುವುದನ್ನು ಕಲಿಯಿತು.

ಮಹಾನಂದಾ ಮತ್ತೆ ಮತ್ತೆ ಹೋಗಿ ನಿಂತಳು. ನಾಡಗೌಡರು ಮತ್ತೆ ಮತ್ತೆ ಕನ್ನಡಕ ತೆಗೆದಿಟ್ಟರು. ದೊಡ್ಡವರು ಬಂದು ನೋಡಿ ಹೋದರು. ಬಿರುದೂ ಬಂತು. ಈಗಲಾದರೂ ಒಂದು ದಿನ ಬಂದ್ ಮಾಡೋಣವೇ ಎಂದರೆ, "ಬಿರುದು ಬಂದ ಮರುದಿನs ಬಂದ್ ಮಾಡಿದ್ರ ಮಂದಿ ಏನಂದಾರು?" ಎಂದರು.

ಚೈತ್ರದ ದವನದ ಹುಣ್ಣಿಮೆ ಕಳೆದಿತ್ತು. ಬಿಸಿಲು ಹೇಗಿತ್ತೆಂದರೆ ಹಂಚಿನ ಮೇಲಿನ ಕಾಗೆ ಕೂಡ ಬಾಯಿ ತೆರೆದುಕೊಂಡು ಕೂರುತ್ತಿತ್ತು. ಕಾಕಾ ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಿದ್ದ. ಅವನ ಗುಳಿಗೆ ಮುಗಿದಿದ್ದವು. ಯಾವತ್ತೂ ತನ್ನ ಗುಳಿಗೆ ತಾನೇ ತರುತ್ತಿದ್ದವನು ಅವನು. ಆ ದಿನ ಚಿಗವ್ವ ತಲೆಯ ಮೇಲೆ ಸೆರಗು ಹೊದ್ದು ತಾನೇ ಹೊರಟಳು. ಜತೆಗೆ ನೆರೆಮನೆಯ ಹುಸೇನಬಿ; ಅವಳಿಗೂ ಚಿಗವ್ವನದೇ ರೋಗ, ಅದೇ ಸೂಜಿ.

ಗೂಡು ಕೇಳಿತು: "ರೋಗಿಯ ಹೆಸರು ಹೇಳಿ."

ಗುರುಸಿದ್ದವ್ವ ಸುಮ್ಮನೆ ನಿಂತಳು. ಗೂಡು ಮತ್ತೆ ಕೇಳಿತು. ಹಿಂದೆ ಸಾಲು ಬೆಳೆದಿತ್ತು.

"ಹೇಳs ಯವ್ವಾ, ಬಿಸಲಾಗ ನಮ್ಮನ್ನ ಹಪ್ಪಳಾ ಮಾಡಬ್ಯಾಡ," ಯಾರೋ ಅಂದರು.

"ನೀವs ಹೇಳ್ರಲಾ, ನಮ್ಮವರ ಹೆಸರು."

"ಬ್ಯಾರೆಯವರ ದನಿಗೆ ಕೊಡಂಗಿಲ್ಲ ಅದು. ಮನಿಯವರs ಹೇಳಬೇಕು," ಎಂದಳು ಹುಸೇನಬಿ. ಆಮೇಲೆ ಕಣ್ಣು ಮಿಟುಕಿಸಿದಳು. "ಒಡಪು ಹೇಳಿಬಿಡs ಅಕ್ಕಾ. ನಿನ್ನ ಒಡಪು ಕೇಳಿ ಎಷ್ಟ ವರ್ಷ ಆತು!"

ಹೊಸ ಮದುಮಗಳು ಗಂಡನ ಮನೆಯ ಹೊಸ್ತಿಲಿಗೆ ಬಂದಾಗ ನಾದಿನಿಯರು ಕದ ಮುಚ್ಚಿ ಅಡ್ಡ ನಿಲ್ಲುತ್ತಾರೆ. ಗಂಡನ ಹೆಸರು ಹೇಳಿದರಷ್ಟೇ ಒಳಗೆ ಬಿಡುವುದು. ಬರಿದೇ ಹೆಸರು ಹೇಳಲು ನಾಚಿಕೆ, ಅದಕ್ಕೆ ಅದನ್ನು ಒಂದು ಪದದಲ್ಲಿ ಹೆಣೆದು ಹೇಳುತ್ತಾರೆ, ಅದು ಒಡಪು. ಮುಚ್ಚಿದ ಬಾಗಿಲು ಎದುರಿಗಿದ್ದು, ಒಳಗಿನಿಂದ ಒಂದು ಹೆಣ್ಣುದನಿ ಹೆಸರು ಕೇಳಿದರೆ ಆ ಸೀಮೆಯ ಹೆಂಡತಿಯ ಬಾಯಿಗೆ ಬರುವುದು ಅದೊಂದೇ. ಗುರುಸಿದ್ದವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಮ್ಮೆ ನಕ್ಕು, ದನಿ ತೆಗೆದಳು:

"ಅಂಗಳದಾಗ ಹಬ್ಬೈತಿ ಅವರಿ ಬಳ್ಳಿ ಚಪ್ಪರ,
ಹೇಳಂದ್ರ ಹೇಳತೇನಿ ಮಲಕಾಜಪ್ಪನವರ ಹೆಸರ;
ಹೆಸರ ಕೇಳಿ ನಕ್ಕೀರಿ, ನಿಂತ ನಿಂತ ಸೋತೇನ್ರಿ,
ಅಡ್ಡ ನಿಂತ ಅಕ್ಕದೇರ, ಬಾಗಲೆಲ್ಲಾ ತಗೀರಿ!"

ಸಾಲಿನವರು ಹೋ ಎಂದು ಚಪ್ಪಾಳೆ ಹೊಡೆದರು. ತಟ್ಟೆಗೆ ಮಲಕಾಜಪ್ಪನ ಗುಳಿಗೆಗಳು ಸರಿಯಾಗಿಯೇ ಬಿದ್ದವು. ಗುರುಸಿದ್ದವ್ವ ಅವನ್ನು ಸೆರಗಿನಲ್ಲಿ ಕಟ್ಟಿಕೊಂಡು, ಇಪ್ಪತ್ತರ ಹುಡುಗಿಯ ಹಾಗೆ ಕೆಂಪಾಗಿ ಮನೆಗೆ ಬಂದಳು.

ನಾಡಗೌಡರು ಬಂದ್ ಮಾಡಿದ ಮಾತುಗಳಲ್ಲಿ ಬಾಗಿಲು ತೆಗೆಯುವ ಮಾತು ಇರಲೇ ಇಲ್ಲ. 'ಮುಚ್ಚು' ಎಂಬುದನ್ನು ಮಾತ್ರ ಯಾಕೋ ಹಾಕಿದ್ದರು. ಔಷಧ ಒಯ್ಯಲು ಬಂದವರು ಬಾಗಿಲು ತೆಗೆಯಿರಿ ಎಂದು ಯಾಕೆ ಕೇಳಿಯಾರು?

ಕೊಠಡಿಯ ಗೋಡೆಯ ಮೇಲಿನ ದೀಪಗಳು ಒಮ್ಮೆಗೇ ಕೆಂಪಾದವು. ಒಂದು ಊರಿನದಲ್ಲ, ಎಲ್ಲ ಊರಿನವು. ಎಲ್ಲ ಬಾಗಿಲು ಎಂದರೆ ಎಲ್ಲವೂ. ಉಗ್ರಾಣ ಅಪ್ಪಣೆಯನ್ನು ಪೂರ್ತಿಯಾಗಿ ನಡೆಸಿತ್ತು. ತಾಲೂಕಿನ ಒಂದೊಂದು ಗೂಡಿನ ಬೆನ್ನಿನಲ್ಲೂ ತಂಪು ಪೆಟ್ಟಿಗೆ ಬಾಯಿ ತೆರೆದು ಬಿಸಿಗಾಳಿ ಕುಡಿಯುತ್ತಿತ್ತು. ಮುಂದೆ ನಿಂತವರಿಗೆ ಅದು ಕಾಣುತ್ತಲೂ ಇರಲಿಲ್ಲ.

ಮಹಾನಂದಾ ಮುಚ್ಚುವ ಅಪ್ಪಣೆ ಕೊಟ್ಟಳು. "ಮುಖ್ಯಸ್ಥರ ಹೆಬ್ಬೆರಳು ಬೇಕು" ಎಂದಿತು ಯಂತ್ರ. ನಾಡಗೌಡರು ಬಿರುದಿನ ಸನ್ಮಾನಕ್ಕೆ ಜಿಲ್ಲೆಗೆ ಹೋಗಿದ್ದರು, ಫೋನು ಬಂದ್ ಆಗಿತ್ತು. ಅವರ ಕೆಳಗಿನವರಿಗೆ ಮಾಡಿದಳು; ನಮ್ಮ ಕೈಯಲ್ಲಿಲ್ಲ ಎಂದರು. ಮೇಲಿನವರಿಗೆ ಮಾಡಿದಳು; ಕೆಳಗಿನವರನ್ನು ಕೇಳು ಎಂದರು. ಹೊತ್ತು ಇಳಿಯಿತು. ಬಿಸಿಲಿಗೆ ಕಾದ ತಗಡಿನ ನಡುವೆ ತಂಪು ಪೆಟ್ಟಿಗೆಗಳ ಕಾವು ಒಲೆಯಂತೆ ಏರುವುದನ್ನು ಗೋಡೆ ತೋರಿಸುತ್ತಲೇ ಇತ್ತು. ಬಿಸಿಲಿನಲ್ಲಿ ನಿಂತ ಒಬ್ಬ ಮುದುಕಿಯ ಮಾತಿಗೆ ಇದ್ದ ಅಧಿಕಾರ ಕೊಠಡಿಯಲ್ಲಿ ಕುಳಿತ ಇಂಜಿನಿಯರಿಗೆ ಇರಲಿಲ್ಲ.

ಆಗ ಹೊಳೆಯಿತು. ಅವಳು ಚಪ್ಪಲಿ ಕೂಡ ಮೆಟ್ಟದೆ ಓಡಿದಳು. ಕಚೇರಿಯ ಎದುರಿನ ಗೂಡಿನ ಮುಂದೆ, ಸಾಲು ಸೀಳಿಕೊಂಡು ಹೋಗಿ ನಿಂತಳು.

"ರೋಗಿಯ ಹೆಸರು ಹೇಳಿ."

"ಬಾಗಿಲೆಲ್ಲಾ ಮುಚ್ಚು!"

"ಈ ಮಾತಿಗೆ ಅನುಮತಿ ಇಲ್ಲ."

ಅವಳಿಗೆ ಅಳು ಬಂತು, ಸಿಟ್ಟೂ ಬಂತು. "ಬಾಗಲೆಲ್ಲಾ ಹಾಕ್ರಿ!" ಎಂದು ಕಿರುಚಿದಳು.

ಗೋಡೆಯ ದೀಪಗಳು ಹಸಿರಾದವು. ಹೊತ್ತು ಮುಳುಗಿತ್ತು.

ಇಷ್ಟಾದ ಮೇಲಾದರೂ ಕಣ್ಣು ತೆರೆಯುತ್ತಾರೆಂದು ಅವಳು ತಿಳಿದಿದ್ದಳು. ವಿಚಾರಣೆ ನಡೆಯಿತು. ಅದರ ಫಲವಾಗಿ ಪ್ರತಿ ಗೂಡಿಗೂ ಒಂದು ಹೊಸ ಫಲಕ ಬಂತು: ಇಲ್ಲಿ ಒಡಪು ಹೇಳುವುದನ್ನು ನಿಷೇಧಿಸಲಾಗಿದೆ. ಜತೆಗೆ, ಅನುಮತಿಯಿಲ್ಲದೆ ಗೂಡಿಗೆ ಅಪ್ಪಣೆ ಕೊಟ್ಟವರು ಇಬ್ಬರು ಎಂದು ಬರೆದರು. ಒಬ್ಬಳು ಗುರುಸಿದ್ದವ್ವ, ಇನ್ನೊಬ್ಬಳು ಮಹಾನಂದಾ.

"ಅದು ಇರಲಿ ಸರ್," ಮಹಾನಂದಾ ನಾಡಗೌಡರ ಮೇಜಿನ ಮೇಲೆ ಎರಡೂ ಕೈ ಊರಿ ನಿಂತಳು. "ಇನ್ಸುಲಿನ್ ಕೆಟ್ಟೈತಿ. ಹೊರಗ ಚೆಲ್ಲಿಸ್ರಿ. ಹೊಸಾದು ತರಸ್ರಿ."

"ಕೆಟ್ಟೈತಿ ಅಂತ ಯಾರ ಹೇಳಿದ್ರು? ನೋಡಾಕ ನೀರಿನಂಗ ತಿಳಿಯಾಗೈತಿ."

"ಕೆಟ್ಟ ಮ್ಯಾಲೂ ಹಂಗs ಕಾಣತೈತ್ರಿ. ಚುಚ್ಚಿಕೊಂಡ್ರ ಹತ್ತಂಗಿಲ್ಲ, ಅಷ್ಟs."

"ಪರೀಕ್ಷೆಗೆ ಕಳಿಸೇವಲ್ಲ. ವರದಿ ಬರಲಿ."

"ವರದಿ ಬರೂತನಕ ಮಂದಿ ನೀರ ಚುಚ್ಚಿಕೊಳ್ಳಬೇಕೇನ್ರಿ?"

ನಾಡಗೌಡರು ಕನ್ನಡಕ ತೆಗೆದಿಟ್ಟರು.

ಜಿಲ್ಲೆಯ ದಾಸ್ತಾನಿಗೆ ಹೋಗಿ ಕೇಳಿದಳು. ಮುದೇನಕಟ್ಟಿಯದು ಕೆಟ್ಟಿದೆ ಎಂದು ಮುದೇನಕಟ್ಟಿಯವರೇ ಹೇಳಿದರೆ ಕೊಡುತ್ತೇವೆ ಎಂದರು. ಅಲ್ಲಿಯ ಒಬ್ಬ ನರ್ಸ್ ಬಾಯಿ ಇವಳ ಮುಖ ನೋಡಿ, ಬಾಗಿಲ ಮರೆಯಲ್ಲಿ ಕರೆದು ಒಂದು ಸೀಸೆ ಸೆರಗಿನೊಳಗೆ ಹಾಕಿದಳು. ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟುಕೊಂಡು, ಎದೆಗೆ ಅವಚಿಕೊಂಡು ಮಹಾನಂದಾ ಬಸ್ಸಿನಲ್ಲಿ ಬಂದಳು.

"ಚಿಗವ್ವಾ, ಗೂಡಿಂದು ಮುಟ್ಟಬ್ಯಾಡ. ಇದೊಂದs ಚುಚ್ಚಿಕೋ. ಇದು ಮುಗಿಯೂದರಾಗ ನಾ ಇನ್ನೊಂದು ತರತೇನಿ."

"ಆತವ್ವಾ," ಎಂದಳು ಗುರುಸಿದ್ದವ್ವ.

ಬಸವ ಜಯಂತಿಯ ದಿನ ಚಿಗವ್ವ ಹೋಳಿಗೆಗೆ ಕಣಕ ನಾದಲು ಕುಳಿತವಳು ಎದ್ದೇಳಲಿಲ್ಲ. ನೀರು ನೀರು ಎನ್ನುತ್ತಿದ್ದಳು. ಉಸಿರು ದೊಡ್ಡದಾಗಿತ್ತು, ಬಾಯಿಂದ ಕೊಳೆತ ಹಣ್ಣಿನ ವಾಸನೆ ಬರುತ್ತಿತ್ತು. ಮಹಾನಂದಾ ಓಡಿ ಹೋಗಿ ಮಡಕೆಯಡಿಯ ಮರಳಿನಲ್ಲಿ ಹೂತಿಟ್ಟ ಸೀಸೆ ಹುಡುಕಿದಳು. ಅಲ್ಲಿ ಇದ್ದದ್ದು ಗೂಡಿನ ಸೀಸೆ.

"ಅದೆಲ್ಲೈತಿ? ನಾ ತಂದದ್ದು?"

ಬಾಗಿಲಲ್ಲಿ ಹುಸೇನಬಿ ನಿಂತಿದ್ದಳು. ಕೈಯಲ್ಲಿ ಮುಗಿಯುತ್ತ ಬಂದ ಸೀಸೆ. "ಅಲ್ಲಾನ ಆಣಿ, ನನಗ ಗೊತ್ತಿಲ್ಲವ್ವಾ," ಎಂದು ಅತ್ತಳು. "ನಮ್ಮ ಮಾದಿ ಜಿಲ್ಲಾದಿಂದ ಎರಡ ತಂದಾಳ, ಒಂದ ನಿನಗ ಅಂದ್ಲು. ಇಸ್ಕೊಂಡೆ."

ಮಾದಿ ಎಂದರೆ ಮಹಾನಂದಾ; ಚಿಗವ್ವ ಮಾತ್ರ ಹಾಗೆ ಕರೆಯುವುದು.

"ಯಾಕs ಹಿಂಗ ಮಾಡಿದಿ?" ಮಹಾನಂದಾ ಚಿಗವ್ವನ ಭುಜ ಹಿಡಿದು ಅಲುಗಿಸಿದಳು.

"ನನ್ನ ಬಾಯಿಂದ ಕೆಟ್ಟೈತಲ್ಲs ಎಲ್ಲಾರದೂ," ಗುರುಸಿದ್ದವ್ವ ಎಂದಳು. ಬಾಯಿ ಒಣಗಿ ಮಾತು ಅಂಟುತ್ತಿತ್ತು. "ಅಕಿಗೆ ಸಣ್ಣ ಮಕ್ಕಳದಾವ."

"ನಿನ್ನ ಬಾಯಿಂದಲ್ಲ! ಎಷ್ಟ ಸಲ ಹೇಳ್ಲಿ! ನಿನ್ನ ಬಾಯಿಂದಲ್ಲ!"

ಆದರೆ ಚಿಗವ್ವ ಕಣ್ಣು ಮುಚ್ಚಿದ್ದಳು. ಜಿಲ್ಲಾ ಆಸ್ಪತ್ರೆಗೆ ಒಯ್ದರು. ಅಲ್ಲಿ ಡಾಕ್ಟರು ಮಾಡುವುದನ್ನೆಲ್ಲ ಮಾಡಿದರು.

ಭಾನುವಾರ ಕಾಕಾ ಮತ್ತು ಹುಸೇನಬಿ ಆಸ್ಪತ್ರೆಯಲ್ಲಿ ಉಳಿದರು. ಮಹಾನಂದಾ ಮುದೇನಕಟ್ಟಿಗೆ ಬಂದಳು. ಕಚೇರಿಯಲ್ಲಿ ಯಾರೂ ಇರಲಿಲ್ಲ. ಯಾರ ಹೆಬ್ಬೆರಳನ್ನೂ ಕೇಳದೆ ಕೆಲಸಕ್ಕೆ ಕುಳಿತಳು. ಅಪ್ಪಣೆಗೆ ಹೆಬ್ಬೆರಳು ಬೇಕಿತ್ತು, ಅಪ್ಪಣೆ ಬರೆಯುವ ಕಡತಕ್ಕೆ ಬೇಕಿರಲಿಲ್ಲ. ಅಂಥ ಕಚೇರಿ ಅದು. ಅಪ್ಪಣೆಯನ್ನು ಒಂದು ಕಡೆ ಇಟ್ಟಳು, ಜನರ ಮಾತನ್ನು ಡಬ್ಬಿಯೊಳಗೆ ಇನ್ನೊಂದು ಕಡೆ. ಗೂಡುಗಳಿಂದ ಅಳಿಸುವ, ಓದುವ, ಬಾಗಿಲು ತೆಗೆಯುವ ಅಧಿಕಾರ ಕಿತ್ತುಕೊಂಡಳು. ಬಂದ್ ಮಾಡಿದ ಮಾತುಗಳನ್ನೆಲ್ಲ ಬಿಡುಗಡೆ ಮಾಡಿದಳು. ಗೂಡು ಒಂದು ದಿನ ನಿಂತಿತು, ಯಾವ ಊರಿಗೂ ಪ್ರಳಯವಾಗಲಿಲ್ಲ. ರಜೆಯೆಂದು ಜನ ತಿಳಿದುಕೊಂಡರು.

ಸಂಜೆ ಪರೀಕ್ಷೆ ಮಾಡಬೇಕಿತ್ತು. ಕೊಠಡಿಯಲ್ಲಿ ಹಳೆಯ ದನಿಗಳೆಲ್ಲ ಇರುತ್ತವೆ. ಅವಳು ಚಿಗವ್ವನ ಒಡಪನ್ನೇ ಹುಡುಕಿ ತೆಗೆದು, ರಿಪೇರಿಯಾದ ಗೂಡಿಗೆ ಕೇಳಿಸಿದಳು. ನಗುವಿನೊಂದಿಗೆ ದನಿ ಬಂತು, ಅವರೆ ಬಳ್ಳಿ ಬಂತು, ಚಪ್ಪರ ಬಂತು, ಬಾಗಲೆಲ್ಲಾ ತಗೀರಿ ಬಂತು. ಗೂಡು ಸಮಾಧಾನವಾಗಿ, ಪದದ ಮೊದಲಿನಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ತಿರುಗಿ ಹೇಳಿ, "ಈ ಹೆಸರಿನ ರೋಗಿ ನಮ್ಮಲ್ಲಿ ಇಲ್ಲ" ಎಂದಿತು.

ಒಂದು ದೀಪವೂ ಕೆಂಪಾಗಲಿಲ್ಲ.

ಮಹಾನಂದಾ ಅದನ್ನು ಮತ್ತೊಮ್ಮೆ ಕೇಳಿಸಲಿಲ್ಲ. ಕೊನೆಯ ಬಸ್ಸಿಗೆ ಓಡಿದಳು.

ಚಿಗವ್ವನ ದಿನದ ಕಾರ್ಯಗಳೆಲ್ಲ ಮುಗಿದ ಮೇಲೆ ಮಲಕಾಜಪ್ಪ ಕೋಲೂರಿಕೊಂಡು ಗೂಡಿಗೆ ಹೊರಟ. ಮಹಾನಂದಾ ಜತೆಗಿದ್ದಳು, ಅವಳನ್ನು ಕೆಲಸದಿಂದ ತೆಗೆದ ಕಾಗದ ಅದಾಗಲೇ ಬಂದಿತ್ತು. ಅವಳು ಮಾಡಿದ್ದು ಮಾತ್ರ ಗೂಡುಗಳಲ್ಲಿ ಹಾಗೆಯೇ ಉಳಿದಿತ್ತು. ಪುಂಡರ ಕಾಟ ನಿಂತದ್ದನ್ನು ನೋಡಿ ನಾಡಗೌಡರು ತಮ್ಮ ಬಂದ್ ಮಾತುಗಳಿಂದಲೇ ನಿಂತಿತೆಂದು ಸಭೆಯಲ್ಲಿ ಹೇಳಿದ್ದರು. ಒಡಪಿನ ಫಲಕವನ್ನು ಯಾರೂ ತೆಗೆದಿರಲಿಲ್ಲ.

"ರೋಗಿಯ ಹೆಸರು ಹೇಳಿ."

ಮಲಕಾಜಪ್ಪ ಗಂಟಲು ಸರಿಮಾಡಿಕೊಂಡ. ಹೆಂಡತಿಯನ್ನು ಇವನೂ ಹೆಸರು ಹಿಡಿದು ಕರೆದವನಲ್ಲ. ಅಕಿ, ಇಕಿ, ಏ ಕೇಳೇನು ಎನ್ನುವುದರಲ್ಲೇ ಅಷ್ಟು ವರ್ಷ ಕಳೆದಿದ್ದ.

"ಗುರುಸಿದ್ದವ್ವ," ಎಂದ. "ಅಕಿ ಹ್ವಾದ್ಲು. ಅಕಿ ಹೆಸರು ತಗದ ಬಿಡವ್ವಾ."

"'ಗುರುಸಿದ್ದವ್ವ ಅಕಿ ಹ್ವಾದ್ಲು ಅಕಿ ಹೆಸರು ತಗದ ಬಿಡವ್ವಾ.' ಈ ಹೆಸರಿನ ರೋಗಿ ನಮ್ಮಲ್ಲಿ ಇಲ್ಲ."

"ಏನಂತೈತಿ ಇದು?"

"ನೀವು ಅಂದದ್ದೆಲ್ಲಾ ಅದಕ್ಕ ಬರೇ ಹೆಸರು, ಕಾಕಾ. ಅದು ಇನ್ನ ಸಾಲಿನ್ಯಾಗ ನಿಂತವರ ಯಾರ ಅಪ್ಪಣಿನೂ ಕೇಳಂಗಿಲ್ಲ. ಹೆಸರು ತಗಿಯೂ ಅಧಿಕಾರನೂ ಅದಕ್ಕಿಲ್ಲ. ಕಚೇರಿಗೆ ಹೋಗಿ ಹೇಳಬೇಕು."

"ಹಂಗಾರ ಅಕಿ ಹೆಸರು ಒಳಗs ಐತಿ?"

"ಐತಿ."

ಮಲಕಾಜಪ್ಪ ಕೋಲನ್ನು ಮನೆಯ ಕಡೆ ತಿರುಗಿಸಿದ. "ಕಚೇರಿಗೆ ನಾ ಹೋಗಂಗಿಲ್ಲ," ಎಂದ. ಆಮೇಲೆ ಕೇಳಿದ: "ಹಿಂಗ ಮಾಡಾಕ ಎಷ್ಟ ಹೊತ್ತ ಹಿಡೀತವ್ವಾ ನಿನಗ?"

"ಒಂದ ದಿನ."

"ಯಾವಾಗ ಮಾಡಬೇಕಿತ್ತು?"

"ಮಾಘದಾಗ."

ಇಬ್ಬರೂ ನೆರಳು ಹಿಡಿದು ಮೆಲ್ಲಗೆ ಮನೆಯ ಕಡೆ ನಡೆದರು.

ಇನ್ಸುಲಿನ್ ಕೆಟ್ಟಿದ್ದು ಹೌದು ಎಂಬ ವರದಿ ಜ್ಯೇಷ್ಠದಲ್ಲಿ ಬಂತು. ಗುರುಸಿದ್ದವ್ವ ಹೋದದ್ದು ಬಸವ ಜಯಂತಿಯ ನಂತರದ ಸೋಮವಾರ, ಮುಂಜಾನೆ ಹಾಲಿನವರು ಬರುವ ಹೊತ್ತಿಗೆ.